ಅಳಿಸಿದ ಮೇಲೆ ಹನ್ನೊಂದು ಕಿಲೋಮೀಟರ್

ಸ್ಟೀರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ, ಎಂಜಿನ್ ಆಕಾರದ ಹಳದಿ ದೀಪವೊಂದು ಇರುತ್ತದೆ. ಅದು ಸುಮ್ಮನೆ ಉರಿದರೆ ಒಂದು ಅರ್ಥ, ಮಿಟುಕಿದರೆ ಇನ್ನೊಂದು. ಉರಿದರೆ ಪುರುಸೊತ್ತು ಮಾಡಿಕೊಂಡು ನನ್ನ ಹತ್ತಿರ ಬನ್ನಿ. ಮಿಟುಕಿದರೆ ಇದ್ದಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಇಪ್ಪತ್ತೆರಡು ವರ್ಷದಿಂದ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕೇಳುವವರು ಯಾರು? ಒಬ್ಬ ಮಹಾನುಭಾವ ದೀಪ ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೆ ಮಗನ ನೋಟ್‌ಬುಕ್ಕಿನ ಲೇಬಲ್ ಅಂಟಿಸಿಕೊಂಡು ಒಂದು ವರ್ಷ ಓಡಿಸಿದ್ದ. ಇನ್ನೊಬ್ಬರು, ಕಾಲೇಜಿನಲ್ಲಿ ಪಾಠ ಹೇಳುವವರು, "ಅದು ಡಿಸೈನ್ ಇರ್ಬೇಕು ಅಂದ್ಕೊಂಡಿದ್ದೆ ಕಣ್ರೀ" ಎಂದರು. ಅವರ ಪಿತ್ತ ಇಳಿಯುವ ಹಾಗೆ ಬೈದು ಕಳಿಸಿದೆ.

ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದವರು ಒಬ್ಬರೇ, ನನ್ನ ಭಾವ. ಅವರು ಈಗಿಲ್ಲ.

ಭಾವ ಹೋಗಿ ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಅವರ ಗಾಡಿಯನ್ನು ಅಕ್ಕ ಓಡಿಸಿಕೊಂಡು ಗ್ಯಾರೇಜಿಗೆ ಬಂದಳು. ಗಾಡಿ ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಬೀದಿಯ ತಿರುವಿನಿಂದ ಕೇಳಿತು. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ನಾಲ್ಕು ಏಟು. ಇಲ್ಲಿ ಮೂರು ಏಟು ಬಿದ್ದು ನಾಲ್ಕನೆಯದರ ಜಾಗ ಖಾಲಿ ಬಿಡುತ್ತಿತ್ತು. ನಮ್ಮ ಕಸುಬಿನಲ್ಲಿ ಇದನ್ನು ಮಿಸ್ಸಿಂಗ್ ಅನ್ನುತ್ತೇವೆ. ಸ್ಪ್ಯಾನರ್ ಕೆಳಗಿಟ್ಟು ಹೊರಗೆ ಬಂದೆ.

"ಶೆಡ್ಡಲ್ಲಿ ನಿಂತು ನಿಂತು ಹಾಳಾಗೋಕೆ ಯಾಕೆ ಬಿಡ್ಬೇಕು ಅಂತ ತೆಗೆದೆ ಕಣೋ," ಎಂದಳು ಅಕ್ಕ. "ನೀನು ಕಳಚಿಟ್ಟಿದ್ದ ಬ್ಯಾಟರಿ ತಂತೀನ ಎದುರುಮನೆಯವರು ಹಾಕ್ಕೊಟ್ರು. ಮನೆ ಬಿಟ್ಟು ಒಂದು ನಿಮಿಷ ಆಗಿಲ್ಲ, ಆ ಹಳದಿ ದೀಪ ಪಕಪಕ ಅನ್ನೋಕೆ ಶುರುವಾಯ್ತು."

"ಮಿಟುಕಿದ್ರೆ ನಿಲ್ಲಿಸ್ಬೇಕು ಅಂತ ಗೊತ್ತಿಲ್ವಾ ನಿಂಗೆ?"

"ಎರಡು ಕಿಲೋಮೀಟರ್ ತಾನೆ? ರೇಗಬೇಡ."

ಅವಳು ಗೋಡೆ ಬದಿಯ ಬೆಂಚಿನ ಮೇಲೆ ಕೂತಳು. ನನ್ನ ಅಕ್ಕ ಮೊದಲು ಹೀಗಿರಲಿಲ್ಲ. ನಕ್ಕರೆ ಮೂರು ಮನೆಗೆ ಕೇಳುತ್ತಿತ್ತು. ಈಗ ಎಂಟು ತಿಂಗಳಿಂದ ಅಳುವೂ ಇಲ್ಲ, ನಗುವೂ ಇಲ್ಲ. ಭಾವನ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಕೋಪ ಅದು, ದುಃಖ ಅಲ್ಲ. ದುಃಖವಾಗಿದ್ದರೆ ನಾನೂ ಜೊತೆಗೆ ಕೂತು ಅಳುತ್ತಿದ್ದೆ.

ಆಗಿದ್ದು ಇಷ್ಟು. ಊರಾಚೆಯ ಜಲಾಶಯದ ರಸ್ತೆಯಲ್ಲಿ ಭಾವನ ಗಾಡಿ ಪಕ್ಕಕ್ಕೆ ನಿಂತಿತ್ತು. ಬಾಗಿಲು ಮುಚ್ಚಿತ್ತು, ಬಾನೆಟ್ ಮುಚ್ಚಿತ್ತು, ಕೀ ಅದರಲ್ಲೇ ಇತ್ತು. ಭಾವ ಮರುದಿನ ನೀರಿನಲ್ಲಿ ಸಿಕ್ಕರು. ಪೊಲೀಸರು ಕೀ ತಿರುಗಿಸಿದಾಗ ಗಾಡಿ ಒಂದೇ ಸಲಕ್ಕೆ ಶುರುವಾಯಿತು. ಅಲ್ಲಿಗೆ ಎಲ್ಲರೂ ತೀರ್ಮಾನಕ್ಕೆ ಬಂದುಬಿಟ್ಟರು. ಸರಿಯಿರುವ ಗಾಡಿಯನ್ನು ನೀರಿನ ಪಕ್ಕ ನಿಲ್ಲಿಸಿ ಇಳಿದವರು ಇನ್ನೇನು ಮಾಡಲು ಇಳಿದಿರುತ್ತಾರೆ? ತಮ್ಮ ತಾಯಿ ತೀರಿಕೊಂಡಾಗಿನಿಂದ ಅವರು ಮಂಕಾಗಿದ್ದದ್ದೂ ನಿಜವೇ. ಕನ್ನಡಕದ ಅಂಗಡಿಯಲ್ಲಿ ಕೂತು, ಕೂದಲಿನಷ್ಟು ಸಣ್ಣ ಸ್ಕ್ರೂ ತಿರುಗಿಸುತ್ತಾ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಅವರ ಮಗಳು ಗುಬ್ಬಿಗೆ ಒಂಬತ್ತು ವರ್ಷ. ಅಪ್ಪ ಕಾಲು ಜಾರಿ ಬಿದ್ದರು ಎಂದು ಮನೆಯಲ್ಲಿ ಹೇಳಿದ್ದೆವು. ಸ್ಕೂಲಿನಲ್ಲಿ ಮಕ್ಕಳು ಬೇರೆ ಹೇಳಿದರು. ಒಂದು ದಿನ ಊಟಕ್ಕೆ ಕೂತಾಗ ಅವಳು ಅಕ್ಕನನ್ನು ಕೇಳಿದಳು, "ಅಮ್ಮಾ, ನಾವು ಅಪ್ಪಂಗೆ ಬೇಜಾರಾಗಿಬಿಟ್ಟಿದ್ವಾ?" ಅಕ್ಕ ತಟ್ಟೆ ಎತ್ತಿಕೊಂಡು ಎದ್ದಳು. ನಾನು ಅಲ್ಲೇ ಇದ್ದೆ.

ದೋಷ ಓದುವ ಸ್ಕ್ಯಾನರನ್ನು ಗಾಡಿಗೆ ಚುಚ್ಚಿ ನೋಡಿದೆ. ಮೂರನೇ ಸಿಲಿಂಡರ್ ಮಿಸ್‌ಫೈರ್. ದೋಷದ ಕೋಡ್ ಬಿದ್ದ ಗಳಿಗೆಯಲ್ಲಿ ಗಾಡಿ ಹೇಗಿತ್ತು ಎಂಬುದನ್ನು ಅದರ ಕಂಪ್ಯೂಟರ್ ಒಂದು ಫೋಟೋ ತೆಗೆದ ಹಾಗೆ ಹಿಡಿದಿಟ್ಟಿರುತ್ತದೆ. ಅದನ್ನೂ ತೆಗೆದು ನೋಡಿದೆ. ವೇಗ ನಲವತ್ತೆರಡು. ಎಂಜಿನ್ ಬಿಸಿ ತೊಂಬತ್ತಾರು ಡಿಗ್ರಿ. ಕೋಡ್ ಅಳಿಸಿದ ಮೇಲೆ ಓಡಿದ ದೂರ ಹನ್ನೊಂದು ಕಿಲೋಮೀಟರ್.

ಹನ್ನೊಂದು ಹೇಗೆ ಬಂತು? ಬ್ಯಾಟರಿ ತಂತಿ ಕಳಚಿದರೆ ಈ ಗಾಡಿಯ ನೆನಪೆಲ್ಲ ಅಳಿಸಿಹೋಗುತ್ತದೆ. ಮೊದಲಿನಿಂದ ಎಣಿಸಿದರೂ ಅಕ್ಕ ಓಡಿಸಿದ್ದು ಎರಡೇ ಕಿಲೋಮೀಟರ್. ಬಾನೆಟ್ ಎತ್ತಿ ಎಂಜಿನ್ ಮುಟ್ಟಿದೆ. ಬೆಚ್ಚಗಿತ್ತು ಅಷ್ಟೆ, ತೊಂಬತ್ತಾರಾಗಿದ್ದರೆ ಕೈ ಸುಟ್ಟು ಬೊಬ್ಬೆ ಬರಬೇಕಿತ್ತು.

ಇಲ್ಲಿ ನಾನು ಯಾರಿಗೂ ಹೇಳದ ಒಂದು ಮಾತು ಹೇಳಬೇಕು. ತೀರಿಕೊಂಡ ದಿನ ಭಾವ ನನ್ನ ಗ್ಯಾರೇಜಿಗೆ ಬಂದಿದ್ದರು. ಇದೇ ದೀಪ ಬಂದಿದೆ ಎಂದಿದ್ದರು. ಗಿರಾಕಿಗಳ ಗಾಡಿಗೆ ಜಾಬ್ ಕಾರ್ಡ್ ಬರೆಯುತ್ತೇವೆ, ಪ್ಲಗ್ ಬಿಚ್ಚುತ್ತೇವೆ, ನಾವೇ ಓಡಿಸಿ ಟ್ರಯಲ್ ನೋಡುತ್ತೇವೆ. ಮನೆಯವರ ಗಾಡಿ ಬಂದರೆ ಅದಾವುದೂ ಇಲ್ಲ. ಬೇರೆಯವರ ಕೆಲಸದ ನಡುವೆ, ನಿಂತ ಕಾಲಲ್ಲಿ, ಒಂದು ಕೈಯಲ್ಲಿ. ನನಗೆ ಗೊತ್ತಿರುವ ಎಲ್ಲ ಮೆಕ್ಯಾನಿಕ್ಕರ ಮನೆಯ ಗಾಡಿಗಳೂ ಹಾಗೆಯೇ ಕೆಮ್ಮುತ್ತಾ ಓಡಾಡುತ್ತವೆ. ಅವತ್ತು ನಾನು ಇನ್ನೊಂದು ಗಾಡಿಯ ಗೇರ್‌ಬಾಕ್ಸ್ ಇಳಿಸುತ್ತಿದ್ದೆ. ಸ್ಕ್ಯಾನರ್ ಚುಚ್ಚಿದೆ, ಮೂರನೇ ಸಿಲಿಂಡರ್ ಎಂದಿತು, ಅಳಿಸಿದೆ. "ಭಾವ, ಜಲಾಶಯದ ಏರು ರಸ್ತೇಲಿ ಒಂದು ರೌಂಡ್ ನೀವೇ ಓಡಿಸಿ ನೋಡಿ. ಎಂಜಿನ್ ಮೇಲೆ ಭಾರ ಬಿದ್ರೆ ಗೊತ್ತಾಗತ್ತೆ. ಸುಮ್ನೆ ಉರಿದ್ರೆ ಬನ್ನಿ. ಮಿಟುಕಿದ್ರೆ ಮಾತ್ರ ಅಲ್ಲೇ ನಿಲ್ಲಿಸಿ ನಂಗೆ ಫೋನ್ ಮಾಡಿ" ಎಂದೆ. ಅವರು ತಲೆ ಆಡಿಸಿ ಹೋದರು. ಫೋನ್ ಬರಲಿಲ್ಲ.

ಫೋನ್ ಬರಲಿಲ್ಲ ತಾನೆ, ಅಂದರೆ ದೀಪ ಮಿಟುಕಲಿಲ್ಲ, ಅಂದರೆ ಅವರು ನಿಂತದ್ದು ಅವರ ಸ್ವಂತ ಕಾರಣಕ್ಕೆ. ಎಂಟು ತಿಂಗಳು ನಾನು ಈ ಲೆಕ್ಕಾಚಾರವನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದೇನೆ. ಗ್ಯಾರೇಜಿಗೆ ಬಂದಿದ್ದ ವಿಷಯ ಮೊದಲ ದಿನ ಹೇಳಲು ಧೈರ್ಯ ಬರಲಿಲ್ಲ, ಆಮೇಲೆ ಹೇಳಲು ಮುಖ ಉಳಿಯಲಿಲ್ಲ. ಗಾಡಿಯನ್ನು ಅಕ್ಕನ ಶೆಡ್ಡಿಗೆ ತಂದು ಬಿಟ್ಟಾಗ ದೀಪದ ಕಡೆ ನೋಡದೆ ಬ್ಯಾಟರಿ ತಂತಿ ಕಳಚಿದೆ. ಬ್ಯಾಟರಿ ಉಳಿಯಲಿ ಎಂದು ಅಕ್ಕನಿಗೆ ಹೇಳಿದೆ. ಅರ್ಧ ನಿಜ.

"ಏನಂತೆ?" ಎಂದಳು ಅಕ್ಕ ಬೆಂಚಿನಿಂದ.

"ಏನೋ ಸೆನ್ಸರ್ ತರಲೆ. ನೋಡ್ತೀನಿ ಇರು."

ಕೋಡ್ ಅಳಿಸಿದೆ. ದೂರದ ಅಂಕೆ ಸೊನ್ನೆಯಾಯಿತು. ಎಂಜಿನ್ ಶುರು ಮಾಡಿದೆ, ಸದ್ದು ಸರಿಯಾಗಿತ್ತು. ನಿಟ್ಟುಸಿರು ಬಿಡುವಷ್ಟರಲ್ಲಿ ಸೊನ್ನೆ ಒಂದಾಯಿತು. ಗಾಡಿ ನಿಂತಲ್ಲೇ ನಿಂತಿದೆ, ಚಕ್ರಕ್ಕೆ ನಾನೇ ಮರದ ತುಂಡು ಕೊಟ್ಟಿದ್ದೇನೆ. ಎರಡಾಯಿತು. ಮೂರಾಯಿತು. ಸ್ಕ್ಯಾನರನ್ನು ಅಂಗೈಗೆ ಬಡಿದೆ. ಅಂಕೆಗಳು ಅವಸರವಿಲ್ಲದೆ ಏರುತ್ತಾ ಹನ್ನೊಂದಕ್ಕೆ ಬಂದು ನಿಂತವು. ನಿಂತ ಕೂಡಲೇ ಎಂಜಿನ್ ಒಂದು ಏಟು ಬಿಟ್ಟಿತು, ದೀಪ ಮಿಟುಕತೊಡಗಿತು.

ಎಂಜಿನ್ ಆಫ್ ಮಾಡಿ, ಕಲಿತ ವಿದ್ಯೆಯನ್ನೇ ನಂಬುವುದೆಂದು ಕೆಲಸಕ್ಕೆ ಇಳಿದೆ. ಮಿಸ್ಸಿಂಗ್ ಹುಡುಕಲು ಒಂದು ಕ್ರಮವಿದೆ. ಕಿಡಿ ಕೊಡುವ ಕಾಯಿಲನ್ನು ಮೂರನೆಯದರಿಂದ ತೆಗೆದು ಒಂದನೆಯದಕ್ಕೆ ಹಾಕಬೇಕು, ಒಂದನೆಯದನ್ನು ಮೂರಕ್ಕೆ. ದೋಷವೂ ಒಂದಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ ಎಂದರ್ಥ. ಹಾಗೆ ಮಾಡಿದೆ. ದೋಷ ಮೂರರಲ್ಲೇ ಉಳಿಯಿತು. ಹಳೆಯ ಪ್ಲಗ್ ಬಿಚ್ಚಿ ಮೇಜಿನ ಮೇಲೆಸೆದು ಹೊಸದು ಹಾಕಿದೆ. ಮೂರರಲ್ಲೇ. ಪೆಟ್ರೋಲ್ ಚಿಮ್ಮುವ ಇಂಜೆಕ್ಟರ್ ಅದಲುಬದಲು ಮಾಡಿದೆ, ಕಂಪ್ರೆಷನ್ ಅಳೆದೆ. ಎಲ್ಲ ಸರಿ. ಆದರೂ ಪ್ರತಿಸಲ ಅಳಿಸಿದಾಗಲೂ ಅಂಕೆ ಸೊನ್ನೆಯಿಂದ ಹೊರಟು ಹನ್ನೊಂದಕ್ಕೆ ಬಂದು ನಿಲ್ಲುತ್ತಿತ್ತು. ಪಕ್ಕದ ಡಬ್ಬಿಯಲ್ಲಿದ್ದ ಹಳೆಯ ಸ್ಕ್ಯಾನರ್ ತಂದು ಚುಚ್ಚಿದೆ. ಅದೂ ಹನ್ನೊಂದೇ ಅಂದಿತು. ತಲೆ ಕೆಟ್ಟು ಗೊಬ್ಬರವಾಯಿತು.

"ಓಡಿಸಿ ನೋಡ್ತೀನಿ," ಎಂದೆ.

"ನಾನೂ ಬರ್ಲಾ?"

"ಬೇಡ, ಕೂತಿರು."

"ಆ ಕಡೆ ಮಾತ್ರ ಹೋಗ್ಬೇಡ," ಎಂದಳು ಅಕ್ಕ. ಯಾವ ಕಡೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೋಗಬಾರದೆಂದೇ ಹೊರಟೆ. ಆದರೆ ನಮ್ಮ ಸುತ್ತ ಎಂಜಿನ್ನಿಗೆ ಭಾರ ಬೀಳುವಂಥ ಏರು ಇರುವುದು ಅದೊಂದೇ ರಸ್ತೆಯಲ್ಲಿ. ಮೆಕ್ಯಾನಿಕ್ಕನ ಕೈ ತಾನಾಗಿಯೇ ಆ ಕಡೆ ತಿರುಗುತ್ತದೆ. ಅವತ್ತಿನಿಂದ ಎಂಟು ತಿಂಗಳು ಬೇರೆ ಯಾವ ಗಾಡಿಯನ್ನೂ ನಾನು ಅಲ್ಲಿಗೆ ಒಯ್ದಿರಲಿಲ್ಲ, ಸುತ್ತುಬಳಸಿ ಪೇಟೆಯಲ್ಲೇ ಓಡಿಸಿ ತೃಪ್ತಿಪಟ್ಟುಕೊಂಡಿದ್ದೆ.

ಗಾಡಿ ಹೂವಿನ ಹಾಗೆ ಓಡಿತು. ದೀಪದ ಸುಳಿವಿಲ್ಲ. ಮೋಡ ಕವಿದ ಹಗಲು, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಎಡಕ್ಕೆ ಬೋಳು ದಿಬ್ಬ, ಬಲಕ್ಕೆ ಎದೆಯೆತ್ತರದ ಕಲ್ಲುಗೋಡೆ, ಅದರಾಚೆ ನೀರು. ಕಿಟಕಿ ಇಳಿಸಿದ್ದೆ, ತಂಪುಗಾಳಿ ಬರುತ್ತಿತ್ತು. ನನಗೇ ನಗು ಬಂತು. ಸ್ಕ್ಯಾನರಿಗೆ ಹುಚ್ಚು ಹಿಡಿದರೆ ಅದರ ಜೊತೆ ನಾನೂ ಕುಣಿಯಬೇಕೇ ಎಂದುಕೊಂಡೆ. ವೇಗ ನಲವತ್ತೆರಡು ಇತ್ತು.

ಸ್ಟೀರಿಂಗ್ ನಡುಗಿತು. ದೀಪ ಮಿಟುಕಿತು. ಎಂಜಿನ್ ಮೂರು ಏಟು ಹೊಡೆದು ಒಂದು ಬಿಡುತ್ತಾ, ಮೂರು ಹೊಡೆದು ಒಂದು ಬಿಡುತ್ತಾ ಇಡೀ ಗಾಡಿಯನ್ನು ಕುಲುಕಿತು. ಗ್ಯಾರೇಜಿನಿಂದ ಎಷ್ಟು ದೂರ ಬಂದಿದ್ದೇನೆಂದು ನಾನು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕಿಕೊಂಡೆ. ತಡವಾಗುತ್ತದೆಂದು ಅಕ್ಕನಿಗೆ ಹೇಳೋಣವೆಂದು ಫೋನ್ ತೆಗೆದರೆ ಸಿಗ್ನಲ್ ಇಲ್ಲ. ದಿಬ್ಬದ ಮರೆಯಲ್ಲಿ ಒಂದು ಕಡ್ಡಿಯೂ ಇಲ್ಲ. ನಾಲ್ಕು ಹೆಜ್ಜೆ ಮುಂದೆ ಹೋದೆ, ಹಿಂದೆ ಬಂದೆ, ಕೈ ಮೇಲೆತ್ತಿದೆ. ಒಂದು ಕಡ್ಡಿ ಬಂದು ಹೋಯಿತು. ಮೇಲೆ ಹೋದರೆ ಸಿಗಬಹುದು ಅನ್ನಿಸಿ ಗೋಡೆಯಲ್ಲಿ ಚಾಚಿಕೊಂಡಿದ್ದ ಕಲ್ಲುಗಳ ಮೇಲೆ ಕಾಲಿಟ್ಟು ಹತ್ತಿದೆ. ಗೋಡೆಯ ತಲೆ ನೀರಿನ ಕಡೆಗೆ ವಾಲಿತ್ತು, ಪಾಚಿ ಕಟ್ಟಿತ್ತು. ಅಲ್ಲಿ ಎರಡು ಕಡ್ಡಿ ಬಂದವು. ಅಕ್ಕನ ನಂಬರ್ ಒತ್ತಿ ಕಿವಿಗಿಟ್ಟುಕೊಂಡೆ. ಕಡ್ಡಿ ಮತ್ತೆ ಹೋಯಿತೇನೋ ಎಂದು ನೀರಿನ ಕಡೆಗೆ ಸ್ವಲ್ಪ ಬಾಗಿದೆ.

ಕಾಲು ಜಾರಿತು.

ಬದುಕಿದ್ದು ಒಂದು ಕಬ್ಬಿಣದ ಬಳೆಯಿಂದ. ಹಿಂದೆ ಯಾವಾಗಲೋ ದೋಣಿ ಕಟ್ಟಲು ಗೋಡೆಗೆ ಬಡಿದಿದ್ದ ತುಕ್ಕುಹಿಡಿದ ಬಳೆ ಕೈಗೆ ಸಿಕ್ಕಿತು. ಫೋನ್ ಕೈಯಿಂದ ಹಾರಿ ನೀರಿಗೆ ಬಿತ್ತು. ಅದರ ಬೆಳಕು ಒಂದು ಕ್ಷಣ ಕೆಳಗೆ ಹೋಗುತ್ತಾ ಕಂಡಿತು, ಆಮೇಲೆ ಕಾಣಲಿಲ್ಲ. ಮೊಣಕೈಯ ಚರ್ಮ ಕಿತ್ತುಹೋಗಿತ್ತು. ಹಾಗೆ ಜೋತುಬಿದ್ದಿದ್ದಾಗಲೇ ನನಗೆ ಅರ್ಥವಾಗಿದ್ದು. ಭಾವ ಸಾಯಲು ಗೋಡೆ ಹತ್ತಿರಲಿಲ್ಲ. ನಾನು ಹೇಳಿದ ಹಾಗೆ ಗಾಡಿ ನಿಲ್ಲಿಸಿ, ನಾನು ಹೇಳಿದ ಹಾಗೆ ನನಗೆ ಫೋನ್ ಮಾಡಲು ಹತ್ತಿದ್ದರು. ಬಾನೆಟ್ ಮುಚ್ಚಿದ್ದೇಕೆಂದರೆ ಅದನ್ನು ತೆಗೆಯುವ ಹಿಡಿ ಎಲ್ಲಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಇಷ್ಟೂ ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯದಂತೆ ನಾನೇ ನೋಡಿಕೊಂಡಿದ್ದೆ.

ಗೋಡೆಯಾಚೆ, ರಸ್ತೆಯಲ್ಲಿ, ಎಂಜಿನ್ ಓಡುವ ಸದ್ದು ಕೇಳಿಸುತ್ತಿತ್ತು. ಮೂರು ಏಟು, ಒಂದು ಖಾಲಿ. ಮೂರು ಏಟು, ಒಂದು ಖಾಲಿ. ಕೀ ನನ್ನ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು.

ಹೇಗೋ ತೆವಳಿ ಈಚೆಗೆ ಬಿದ್ದೆ. ಗಾಡಿ ಸುಮ್ಮನೆ ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಬಾಗಿಲು ತೆಗೆಯಲು ಐದು ನಿಮಿಷ ಬೇಕಾಯಿತು, ಅಷ್ಟು ಹೆದರಿದ್ದೆ. ಕೀ ತಿರುಗಿಸಿದರೆ ಎಂಜಿನ್ ಒಂದೇ ಸಲಕ್ಕೆ ಶುರುವಾಗಿ ಸರಾಗವಾಗಿ ಓಡಿತು. ಪೊಲೀಸರಿಗೆ ಓಡಿದ ಹಾಗೆಯೇ.

ಗ್ಯಾರೇಜಿನಲ್ಲಿ ಅಕ್ಕ ಬೆಂಚು ಬಿಟ್ಟು ಬಾಗಿಲಲ್ಲಿ ನಿಂತಿದ್ದಳು. ನನ್ನ ಮೊಣಕೈಯ ರಕ್ತ ಅವಳಿಗೆ ಕಾಣಲಿಲ್ಲ, ಕಂಡರೂ ಕೇಳಲಿಲ್ಲ. ಕೈಯಲ್ಲಿ ಫೋನ್ ಹಿಡಿದಿದ್ದಳು.

"ನೀನು ಫೋನ್ ಮಾಡಿದ್ಯಾ?"

"ಮಾಡಿದ್ದೆ. ಕಟ್ ಆಯ್ತು."

"ಕಟ್ ಆಗ್ಲಿಲ್ಲ. ತುಂಬ ಹೊತ್ತು ನೀರಿನ ಸದ್ದು ಬಂತು. ನೀನು ಎರಡು ಸಲ ಗಂಟಲು ಸರಿಮಾಡ್ಕೊಂಡೆ, ಮಾತೇ ಆಡ್ಲಿಲ್ಲ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಯಾವಾಗಿಂದ ಕಲಿತೆ ಅದನ್ನ? ಅವರ ಥರ?"

ಭಾವ ಫೋನಿನಲ್ಲಿ ಮಾತು ಶುರುಮಾಡುವ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಭಾಷಣಕ್ಕೆ ನಿಂತವರ ಹಾಗೆ. ನಾವೆಲ್ಲ ಅಣಕಿಸುತ್ತಿದ್ದೆವು.

ನಾನು ಮೇಜಿನ ಹತ್ತಿರ ಹೋಗಿ, ಬೆಳಿಗ್ಗೆ ಬಿಚ್ಚಿ ಎಸೆದಿದ್ದ ಹಳೆಯ ಪ್ಲಗ್ ಎತ್ತಿಕೊಂಡೆ. ಬಟ್ಟೆಯಿಂದ ಚೆನ್ನಾಗಿ ಒರೆಸಿ ಬಲ್ಬಿನ ಕೆಳಗೆ ಹಿಡಿದೆ. ಬಿಳಿ ಪಿಂಗಾಣಿಯ ಮೇಲೆ ಉಗುರಿಗೂ ತಗುಲದಷ್ಟು ಸಣ್ಣ ಬಿರುಕು, ಅದರುದ್ದಕ್ಕೂ ಕಪ್ಪು ಗೆರೆ. ತಣ್ಣಗಿರುವಾಗ ಸುಮ್ಮನಿದ್ದು, ಕಾದು ಭಾರ ಬಿದ್ದಾಗ ಕಿಡಿಯನ್ನು ಪಕ್ಕಕ್ಕೆ ಸೋರಿಸುವ ಬಿರುಕು. ಅಳಿಸುವ ಬದಲು ಅವತ್ತು ಬಿಚ್ಚಿ ನೋಡಿದ್ದರೆ ಕಣ್ಣಿಗೆ ಬೀಳುತ್ತಿತ್ತು.

ಸುಳ್ಳು ಹೇಳಲು ಆಗಲೂ ಅವಕಾಶವಿತ್ತು. ಪ್ಲಗ್ಗನ್ನು ಗುಜರಿ ಡಬ್ಬಿಗೆ ಹಾಕಿ, ಗಾಡಿ ಸರಿಯಾಯಿತು ಅಕ್ಕ, ತಗೊಂಡು ಹೋಗು ಅನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಗುಬ್ಬಿ ತಟ್ಟೆಯ ಮುಂದೆ ಕೂತು ಕೇಳಿದ ಮಾತು ಅಡ್ಡ ಬಂತು.

ಎಲ್ಲ ಹೇಳಿದೆ. ಭಾವ ಬಂದಿದ್ದು, ನಾನು ಬಿಚ್ಚಿ ನೋಡದೆ ಅಳಿಸಿದ್ದು, ಆ ರಸ್ತೆಗೆ ಕಳಿಸಿದ್ದು, ಬ್ಯಾಟರಿ ತಂತಿ, ಸಿಗ್ನಲ್ಲು, ಗೋಡೆ. ಅಕ್ಕ ಪ್ಲಗ್ಗನ್ನು ನನ್ನ ಕೈಯಿಂದ ತೆಗೆದುಕೊಂಡು ಬಿರುಕನ್ನು ನೋಡಿದಳು.

"ಇದನ್ನ ಬಿಚ್ಚೋಕೆ ಎಷ್ಟು ಹೊತ್ತು ಬೇಕು?"

"ಐದು ನಿಮಿಷ."

"ಐದು ನಿಮಿಷ," ಎಂದಳು. ಆಮೇಲೆ ಬೆಂಚಿನ ಮೇಲೆ ಕೂತು ಅತ್ತಳು. ಎಂಟು ತಿಂಗಳಲ್ಲಿ ಮೊದಲ ಸಲ. ಅಂಥ ಅಳುವನ್ನು ನಾನು ಕೇಳಿಲ್ಲ, ಇನ್ನು ಕೇಳುವುದೂ ಬೇಡ. "ದಿನಾ ರಾತ್ರಿ ಅವರನ್ನ ಬೈಕೊಂಡೇ ಮಲಗಿದೀನಿ ಕಣೋ. ನನ್ನ, ಮಗೂನ ಬಿಟ್ಟು ಹೋದ ಹೇಡಿ ಅಂತ. ಅವರು ಮನೆಗೆ ಬರೋಕೆ ತಾನೆ ಆ ಗೋಡೆ ಹತ್ತಿದ್ದು?" ನಾನು ಹೌದೆಂದೆ. ಹತ್ತಿರ ಹೋಗಿ ಹೆಗಲು ಮುಟ್ಟಿದಾಗ ಕೈ ತಳ್ಳಿದಳು.

ಬಹಳ ಹೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಸ್ಕೂಲ್ ಬಿಡೋ ಹೊತ್ತಾಯ್ತು. ಇವತ್ತು ಗುಬ್ಬೀನ ನೀನು ಕರ್ಕೊಂಡು ಬಾ. ದಾರೀಲಿ ನೀನೇ ಹೇಳು."

"ಅಕ್ಕಾ, ಅವಳಿಗೆ ನೀನು ಹೇಳಿದ್ರೆ..."

"ನಾನು ಹೇಳಿದ್ರೆ ನಿನ್ನನ್ನ ಉಳಿಸಿಬಿಡ್ತೀನಿ. ನನ್ನ ತಮ್ಮ ಅಲ್ವಾ ನೀನು? ಎಲ್ಲೋ ಒಂದು ಕಡೆ ಮಾತು ತಿರುಚಿಬಿಡ್ತೀನಿ. ಬೇಡ. ನೀನೇ ಹೇಳು."

ಅವಳು ನಡೆದುಕೊಂಡೇ ಮನೆಗೆ ಹೋದಳು. ನಾನು ಕೈ ತೊಳೆದು, ಮೊಣಕೈಗೆ ಬಟ್ಟೆ ಸುತ್ತಿ, ಭಾವನ ಗಾಡಿಯಲ್ಲೇ ಸ್ಕೂಲಿಗೆ ಹೋದೆ. ಗುಬ್ಬಿ ಗೇಟಿನಿಂದ ಹೊರಬಂದವಳು ಗಾಡಿ ನೋಡಿ ಗಕ್ಕನೆ ನಿಂತಳು. ಆಮೇಲೆ ಓಡಿ ಬಂದು ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, "ಮಾಮಾ, ಇದು ಸರಿಹೋಯ್ತಾ?" ಎಂದಳು.

ಗಾಡಿ ಹೊರಡಿಸಲಿಲ್ಲ. ಅಲ್ಲೇ, ಗೇಟಿನ ಪಕ್ಕದಲ್ಲೇ ಹೇಳಿದೆ. ಒಂಬತ್ತು ವರ್ಷದವಳಿಗೆ ಅರ್ಥವಾಗುವ ಹಾಗೆ, ಆದರೆ ಏನನ್ನೂ ಬಿಡದೆ. ಅಪ್ಪ ನಿಮ್ಮನ್ನು ಬಿಟ್ಟು ಹೋಗಲಿಲ್ಲ, ಗಾಡಿ ಕೆಟ್ಟಿತ್ತು, ನನಗೆ ಫೋನ್ ಮಾಡಲು ಗೋಡೆ ಹತ್ತಿ ಜಾರಿದರು. ಗಾಡಿ ಕೆಟ್ಟಿರುವುದು ನನಗೆ ಗೊತ್ತಿತ್ತು, ನಾನು ಸರಿಯಾಗಿ ನೋಡಲಿಲ್ಲ. ಅವಳು ಬ್ಯಾಗನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೇಳುತ್ತಿದ್ದಳು.

"ಹಾಗಾದ್ರೆ ಅಪ್ಪ ವಾಪಸ್ ಬರ್ತಿದ್ರಾ?"

"ಬರ್ತಿದ್ರು ಪುಟ್ಟಾ."

ಅವಳ ಮುಖ ಅರಳಿತು. ದೇವರಾಣೆ ಅರಳಿತು. ಆ ಒಂದು ಗಳಿಗೆ ನಾನು ಬದುಕಿಕೊಂಡೆ ಅಂದುಕೊಂಡೆ. ಅವಳು ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ನೋಡಿ, ಏನೋ ಎಣಿಸಿದಂತೆ ತುಟಿ ಆಡಿಸಿ, ನನ್ನ ಕಡೆ ತಿರುಗಿದಳು.

"ಇದು ನಿಂಗೆ ಮುಂಚೇನೇ ಗೊತ್ತಿತ್ತಾ ಮಾಮಾ? ನಾನು ಅಮ್ಮನ್ನ ಕೇಳಿದಾಗ ನೀನೂ ಅಲ್ಲೇ ಕೂತಿದ್ದೆ."

ಗುಬ್ಬಿ ಬಾಗಿಲು ತೆಗೆದು ಕೆಳಗಿಳಿದಳು. ಬ್ಯಾಗನ್ನು ಎಳೆದುಕೊಂಡು ಹೋಗಿ ಹಿಂದಿನ ಬಾಗಿಲು ತೆಗೆದು, ನನ್ನಿಂದ ಎಷ್ಟು ದೂರ ಕೂರಬಹುದೋ ಅಷ್ಟು ದೂರದ ಮೂಲೆಯಲ್ಲಿ ಕೂತು, "ಮನೆಗೆ ನಡೀರಿ" ಎಂದಳು.